ಮಂಜಿನ ಬೆಟ್ಟದಲ್ಲಿ ಬ್ಯಾಡಗಿ ಗಿಡ

ಆಗೆಲ್ಲ ಮಲೇಷ್ಯಾದಲ್ಲಿ ಒಂದು ರಾಜ್ಯದ ಗಡಿ ದಾಟಿ ಇನ್ನೊಂದಕ್ಕೆ ಹೋಗಬೇಕೆಂದರೆ ಪೊಲೀಸರ ಅನುಮತಿ ಪತ್ರ ಬೇಕಿತ್ತು. ಮಗಳ ಮುಖ ನೋಡಬೇಕು ಎನ್ನುವುದು ಅವರಿಗೆ ಒಪ್ಪಿಗೆಯಾಗುವ ಕಾರಣವಾಗಿರಲಿಲ್ಲ. ಕೊರೋನಾದ ಎರಡನೆಯ ವರ್ಷ ಅದು, ನನಗೆ ಹನ್ನೆರಡು. ಅಮ್ಮ ಕ್ಯಾಮರನ್ ಹೈಲ್ಯಾಂಡ್ಸ್ ಬೆಟ್ಟದ ಮೇಲಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರ್. ಅಪ್ಪನಿಗೆ ಕೆಳಗೆ, ಪಕ್ಕದ ರಾಜ್ಯದ ಕ್ಲಾಂಗ್ ಬಂದರಿನಲ್ಲಿ ಕಂಟೇನರುಗಳ ಕೆಲಸ. ಶನಿವಾರ ಶನಿವಾರ ಬೆಟ್ಟ ಹತ್ತಿ ಬರುತ್ತಿದ್ದ ಅಪ್ಪ, ಜನವರಿಯಲ್ಲಿ ಗಡಿ ಮುಚ್ಚಿದ ಮೇಲೆ ಫೋನಿನೊಳಗೆ ಸೇರಿಕೊಂಡರು.

ಅದೇ ಹೊತ್ತಿಗೆ ರಾಣೆಬೆನ್ನೂರಿನ ಅಜ್ಜಿ ಕಳಿಸುತ್ತಿದ್ದ ಬ್ಯಾಡಗಿ ಮೆಣಸಿನಕಾಯಿಯ ಪಾರ್ಸಲ್ಲೂ ನಿಂತುಹೋಯಿತು. ಬ್ಯಾಡಗಿ ಬೀಳದ ಸಾರನ್ನು ಅಪ್ಪ ಬಿಸಿನೀರು ಎಂದೇ ಕರೆಯುತ್ತಿದ್ದರು. ಅಮ್ಮ ಉಳಿದ ಒಂದು ಹಿಡಿಯನ್ನು ಬಾಟಲಿಗೆ ಹಾಕಿ, ಅಪ್ಪ ಬರುವ ದಿನಕ್ಕೆಂದು ಎತ್ತಿಟ್ಟಳು. ಬಾಟಲಿಯ ತಳದಲ್ಲಿ ಉದುರಿದ್ದ ಬೀಜ ನನ್ನ ಕಣ್ಣಿಗೆ ಬಿತ್ತು.

“ಹಾಕು ಅದನ್ನ,” ಎಂದರು ಅಪ್ಪ ಫೋನಿನಲ್ಲಿ. “ನನ್ನ ಡಬ್ಬದಲ್ಲೂ ಒಂದಿಷ್ಟು ಬೀಜ ಇದೆ, ನಾನು ಬಾಲ್ಕನೀಲಿ ಹಾಕ್ತೀನಿ. ಯಾರ್ದು ಮೊದಲು ಕಾಯಿ ಬಿಡತ್ತೆ ನೋಡೋಣ. ನಾನು ಬರೋ ದಿನ ನಿನ್ನ ಗಿಡದ ಮೆಣಸಿನಕಾಯಲ್ಲೇ ಸಾರು. ಆಗತ್ತಾ?”

“ಆಗತ್ತೆ ಲಾ!” ಎಂದು ಇಲ್ಲಿನವರಂತೆಯೇ ಕೊನೆಗೊಂದು ಲಾ ಸೇರಿಸಿ ಹೇಳಿಬಿಟ್ಟೆ. ಮಾತು ಕೊಟ್ಟಾಗಿತ್ತು.

ಮಲೇಷ್ಯಾ ಎಂದರೆ ಬೆವರು ಎಂದುಕೊಂಡವರು ನಮ್ಮ ಬೆಟ್ಟಕ್ಕೆ ಬಂದಿಲ್ಲ. ಮಧ್ಯಾಹ್ನ ಎರಡಾದರೆ ಮಂಜು ಇಳಿದು ಬಟ್ಟೆ ಒಣಗಿಸುವ ಹಗ್ಗವೂ ಕಾಣುತ್ತಿರಲಿಲ್ಲ. ಆನ್‌ಲೈನ್ ಕ್ಲಾಸಿಗೆ ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದೆ. ಎಲೆಕೋಸಿನ ತೋಟಗಳಿಂದ ಕೋಳಿಗೊಬ್ಬರದ ವಾಸನೆ ಕಿಟಕಿಯ ಸಂದಿನಿಂದ ಬರುತ್ತಿತ್ತು. ಸಂಜೆ ಆರಕ್ಕೆ ಅಪ್ಪನ ವಿಡಿಯೋ ಕರೆ. ಹೇಗಿದ್ದೀಯ ಎಂದು ಕೇಳುವ ಮೊದಲೇ “ಎಷ್ಟು ಎಲೆ?” ಎನ್ನುತ್ತಿದ್ದರು. ನನ್ನದು ಎಂಟು ಎಂದರೆ ಅವರದು ಇಪ್ಪತ್ತು. ಅವರ ಗಿಡ ಸೊಂಟದೆತ್ತರ ಬಂದಾಗ ನನ್ನದು ಇನ್ನೂ ಮೊಣಕಾಲು ಮುಟ್ಟಿರಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮೇ ತಿಂಗಳಲ್ಲಿ ಹೂವು ಬಂತು. ಕುಣಿದಾಡಿ ಎಲ್ಲರಿಗೂ ಫೋಟೋ ಕಳಿಸಿದೆ. ನಾಲ್ಕೇ ದಿನದಲ್ಲಿ ಒಂದೂ ಬಿಡದಂತೆ ಉದುರಿತು. ಮತ್ತೆ ಬಂದದ್ದೂ ಉದುರಿತು.

“ಅಯ್ಯ ಕೂಸ, ಗಿಡಕ್ಕ ದೃಷ್ಟಿ ಆಗೇತಿ,” ಎಂದು ರಾಣೆಬೆನ್ನೂರಿನಿಂದಲೇ ರೋಗ ಕಂಡುಹಿಡಿದಳು ಅಜ್ಜಿ. “ದಿನಾ ಫೋನಿನ್ಯಾಗ ಊರಿಗೆಲ್ಲಾ ತೋರ್ಸಿದ್ರ ಇನ್ನೇನಾಗ್ತೈತಿ? ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲಿಗೆ ಹಾಕು. ಘಾಟು ಬರ್ಲಿಲ್ಲ ಅಂದ್ರ ದೃಷ್ಟಿ ಆಗಿತ್ತು ಅಂತ ತಿಳ್ಕೋ.”

ಮನೆಯಲ್ಲಿದ್ದ ಒಣ ಮೆಣಸಿನಕಾಯಿ ಅಂದರೆ ಆ ಬಾಟಲಿಯದು ಮಾತ್ರ. ಎರಡು ಸಾಕಿತ್ತೇನೋ, ಗಟ್ಟಿಯಾಗಲಿ ಎಂದು ಇದ್ದಷ್ಟನ್ನೂ ತೆಗೆದುಕೊಂಡೆ. ಕುಂಡಕ್ಕೆ ಮೂರು ಸುತ್ತು ನಿವಾಳಿಸಿ, “ನಾಯಿ ಕಣ್ಣು, ನರಿ ಕಣ್ಣು, ಬಂದೋರ ಕಣ್ಣು, ಹೋದೋರ ಕಣ್ಣು” ಎಂದೆ. ನಮ್ಮ ಮನೆಗೆ ನಾಲ್ಕು ತಿಂಗಳಿಂದ ಬಂದವರೂ ಇರಲಿಲ್ಲ, ಹೋದವರೂ ಇರಲಿಲ್ಲ. ಚಳಿಗೆ ಕಿಟಕಿಗಳನ್ನೆಲ್ಲ ಮುಚ್ಚಿಯಾಗಿತ್ತು. ಕಾದ ಕಬ್ಬಿಣದ ತವದ ಮೇಲೆ ಸುರಿದೆ.

ಘಾಟು ಬಂತು. ಎಂಥ ಘಾಟು! ರಾತ್ರಿ ಡ್ಯೂಟಿ ಮುಗಿಸಿ ಮಲಗಿದ್ದ ಅಮ್ಮ ಎದ್ದು ಕೆಮ್ಮುತ್ತಾ ಅಂಗಳಕ್ಕೆ ಓಡಿದಳು, ಹಿಂದೆಯೇ ನಾನು. ಇಬ್ಬರೂ ಬಗ್ಗಿ ನಿಂತು ಖೊಕ್ ಖೊಕ್ ಎಂದು ಕೆಮ್ಮಿದೆವು. ಒಂದು ಸೀನಿಗೇ ಜನ ರಸ್ತೆ ದಾಟುತ್ತಿದ್ದ ಕಾಲ! ಆಸ್ಪತ್ರೆ ಕ್ವಾರ್ಟರ್ಸಿನ ಸಾಲಿನಲ್ಲಿ ಧಡ್ ಧಡ್ ಎಂದು ಕಿಟಕಿಗಳು ಮುಚ್ಚಿಕೊಂಡವು. ಅರ್ಧ ಗಂಟೆಯಲ್ಲಿ ಅಡಿಯಿಂದ ಮುಡಿಯವರೆಗೆ ಬಿಳಿ ಉಡುಪು ತೊಟ್ಟ ನರ್ಸ್ ಗೇಟಿಗೆ ಬಂದು ನಮ್ಮಿಬ್ಬರ ಮೂಗಿಗೂ ಕಡ್ಡಿ ಹಾಕಿದಳು.

“ಗಿಡಕ್ಕೆ ದೃಷ್ಟಿ ತೆಗೀತಿದ್ವಿ ಅಂತ ನರ್ಸಿಗೆ ಇಂಗ್ಲಿಷಲ್ಲಿ ಹೆಂಗೆ ಹೇಳ್ಲೇ?” ಎಂದು ಅಮ್ಮ ನಕ್ಕೂ ನಕ್ಕೂ ಸುಸ್ತಾದಳು. ಒಳಗೆ ಬಂದು ಖಾಲಿ ಬಾಟಲಿ ನೋಡಿದ ಮೇಲೆ ನಗು ನಿಂತಿತು. ಚೆನ್ನಾಗಿಯೇ ಬೈಸಿಕೊಂಡೆ. ಈಗ ಅಪ್ಪನ ಸಾರಿಗೆ ಉಳಿದದ್ದು ನನ್ನ ಬೋಳು ಗಿಡ ಮಾತ್ರ.

ಅಷ್ಟು ಘಾಟು ಬಂದಿತ್ತೆಂದರೆ, ಅಜ್ಜಿಯ ಲೆಕ್ಕದ ಪ್ರಕಾರವೇ, ದೃಷ್ಟಿ ಆಗಿರಲಿಲ್ಲ. ಹಾಗಾದರೆ ಏನಾಗಿತ್ತು? ಹೇಳಿದ್ದು ಪಕ್ಕದ ಮನೆಯ ತಮಿಳು ಅಜ್ಜಿ, ಲೆಚ್ಚುಮಿ ಪಾಟಿ. ಆಸ್ಪತ್ರೆಯ ಡ್ರೈವರನ ತಾಯಿ. ಆಯುಸ್ಸೆಲ್ಲ ಟೀ ತೋಟದಲ್ಲಿ ಎಲೆ ಕಿತ್ತವಳು. ಅವತ್ತು ಕಿಟಕಿ ಮುಚ್ಚದೆ ಇದ್ದವಳು ಅವಳೊಬ್ಬಳೇ. ಅವಳ ತಮಿಳು ನನಗೆ ಮುಕ್ಕಾಲು ಪಾಲು ಅರ್ಥವಾಗುತ್ತಿತ್ತು.

“ಚಳಿ ಲಾ, ಕಣ್ಣು,” ಎಂದಳು ಬೇಲಿಯಾಚೆಯಿಂದ, ತಮಿಳರು ಮಕ್ಕಳನ್ನು ಮುದ್ದಿಗೆ ಕರೆಯುವಂತೆ. “ಉದ್ದ ಕಾಯಿಗೆ ಉದ್ದ ಬಿಸಿಲು ಬೇಕು. ನಮ್ಮ ಬಿಸಿಲು ಎರಡು ಗಂಟೆಗೇ ಮುಗೀತದೆ. ಇಲ್ಲಿಗೆ ಬೇಗ ಹಣ್ಣಾಗೋ ಜಾತಿ ಆರಿಸ್ಕೋಬೇಕು.”

ಅವಳ ಗಿಡದ ಕಾಯಿ ನನ್ನ ಕಿರುಬೆರಳಿನ ಅರ್ಧ. ಪ್ರತಿ ವರ್ಷ ಎಲ್ಲಕ್ಕಿಂತ ಮೊದಲು ಹಣ್ಣಾದ ಕಾಯಿಗೆ ಕೆಂಪು ದಾರ ಕಟ್ಟುತ್ತಿದ್ದಳು. ಮಗನೇ ಬಂದರೂ ಅದನ್ನು ಕೀಳುವಂತಿರಲಿಲ್ಲ. ಮುಂದಿನ ವರ್ಷಕ್ಕೆ ಅದರದೇ ಬೀಜ. ದೊಡ್ಡದಕ್ಕೆ, ಚಂದದ್ದಕ್ಕೆ ದಾರವಿಲ್ಲ. ಹಾಗೆ ಇಪ್ಪತ್ತು ವರ್ಷ ಆರಿಸಿ ಆರಿಸಿ ಬೆಟ್ಟದ ಚಳಿಗೆ ಪಳಗಿಸಿದ ಸಸಿಗಳಲ್ಲಿ ಮೂರನ್ನು ನನಗೆ ಕೊಟ್ಟಳು.

ನನಗೆ ಬೇಡವಾಗಿತ್ತು. ಬ್ಯಾಡಗಿಯ ಕೆಂಪೆಲ್ಲಿ, ಸುಕ್ಕೆಲ್ಲಿ, ಈ ಕಿತ್ತಳೆ ಬಣ್ಣದ ಗಿಡ್ಡ ಕಾಯಿ ಎಲ್ಲಿ! ಆದರೆ ಅಡುಗೆಮನೆಯ ಗೋಡೆಗೆ ಒತ್ತಿ, ಪ್ಲಾಸ್ಟಿಕ್ ಹಾಳೆಯ ಕೆಳಗೆ ಬೆಚ್ಚಗಿದ್ದ ಜಾಗ ಒಂದೇ. ಇವನ್ನಿಟ್ಟರೆ ಬ್ಯಾಡಗಿ ಆಚೆ ಹೋಗಬೇಕು. ಎರಡು ದಿನ ಯೋಚಿಸಿ ಬ್ಯಾಡಗಿ ಕುಂಡವನ್ನು ಮಂಜಿಗೆ ಎಳೆದಿಟ್ಟೆ. ಅವತ್ತು ಸಂಜೆ ಅಪ್ಪನಿಗೆ ಹೇಳುವಾಗ ಅತ್ತುಬಿಟ್ಟೆ.

“ಬ್ಯಾಡಗೀನೇ ಬೇಕು ಅಂತ ನಾನೆಲ್ಲಿ ಅಂದೆ?” ಎಂದರು ಅಪ್ಪ. “ನಿನ್ನ ಗಿಡದ್ದು ಅಂದೆ, ಅಷ್ಟೇ ತಾನೆ? ಈಗ ಹೇಳು, ಹೊಸದರಲ್ಲಿ ಎಷ್ಟು ಎಲೆ?”

ಅಕ್ಟೋಬರಿನಲ್ಲಿ ಗಡಿ ತೆರೆಯಿತು. ಅಪ್ಪ ಬಂದಾಗ ಮೂರೂ ಗಿಡ ಸೇರಿ ಹದಿನೇಳು ಹಣ್ಣು. ಮೊದಲನೆಯದಕ್ಕೆ ದಾರ ಕಟ್ಟಿಯಾಗಿತ್ತು. ಅಮ್ಮ ನಾಲ್ಕು ಹಾಕಿ ಸಾರು ಮಾಡಿದಳು. ಸಾರು ಕೆಂಪಾಗಲೇ ಇಲ್ಲ. ಅಪ್ಪ ಒಂದು ತುತ್ತು ತಿಂದು ಬಾಯಿ ತೆರೆದರು. ಮೂಗಲ್ಲಿ ನೀರು, ಕಣ್ಣಲ್ಲಿ ನೀರು. “ಇದು ಸಾರಲ್ಲ ಕಣೇ, ಬೆಂಕಿ!” ಎನ್ನುತ್ತಲೇ ಮೂರು ಸಲ ಹಾಕಿಸಿಕೊಂಡರು. ನನಗೆ ಅವತ್ತಿನಷ್ಟು ಹೆಮ್ಮೆ ಮತ್ತೆಂದೂ ಆಗಿಲ್ಲ.

“ನಿಮ್ಮ ಬ್ಯಾಡಗಿ ಎಲ್ಲಪ್ಪ? ತರ್ಲಿಲ್ವಾ?” ಎಂದು ಕೇಳಿದೆ.

ಅಪ್ಪ ಅಮ್ಮನ ಮುಖ ನೋಡಿದರು. “ನನ್ನ ಗಿಡ ಫೆಬ್ರವರೀಲೇ ಒಣಗೋಯ್ತು. ಶಿಫ್ಟಿಗೆ ಹೋದ್ರೆ ನೀರು ಹಾಕೋರು ಯಾರು? ನಿಂಗೆ ತೋರಿಸ್ತಿದ್ದಿದ್ದು ಎದುರು ಮನೆಯವರ ಮೆಣಸಿನ ಗಿಡ. ದಿನಾ ಆರಕ್ಕೆ ಅವರ ಬಾಗಿಲು ತಟ್ಟಿ ಎಲೆ ಎಣಿಸಿ ಬರ್ತಿದ್ದೆ.”

“ಯಾಕೆ?”

“ಗಿಡ ಇಲ್ಲ ಅಂದ್ರೆ ನೀನು ದಿನಾ ನನ್ನ ಹತ್ರ ಏನು ಮಾತಾಡ್ತಿದ್ದೆ?”

ಈಗ ಮೂವರೂ ಬೆಟ್ಟದ ಕೆಳಗಿನ ಸುಬಾಂಗ್ ಜಯಾ ಊರಿನಲ್ಲಿ ಒಂದೇ ಸೂರಿನಡಿ ಇದ್ದೇವೆ. ಯಾವ ಗಡಿಯೂ ಇಲ್ಲ. ನಾನು ಕಾಲೇಜಿನಿಂದ, ಅಪ್ಪ ಬಂದರಿನಿಂದ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಮನೆ ಸೇರುತ್ತೇವೆ. “ಊಟ ಆಯ್ತಾ?” ಎನ್ನುತ್ತಾರೆ. “ಆಯ್ತು,” ಎನ್ನುತ್ತೇನೆ. ಅವರು ಅವರ ಕೋಣೆಗೆ, ನಾನು ನನ್ನ ಕೋಣೆಗೆ. ಮೊನ್ನೆ ಲೆಕ್ಕ ಹಾಕಿದರೆ, ಇಡೀ ವಾರದಲ್ಲಿ ನಾವಾಡಿದ ಮಾತು ಆಗಿನ ಒಂದು ಸಂಜೆಗೂ ಸಾಲುತ್ತಿರಲಿಲ್ಲ.