ನೀಲಿ ದಾವಣಿಯವಳಿಗೆ ಎಳ್ಳುನೀರು

ಹೋದ ಭಾದ್ರಪದದಲ್ಲಿ, ಗಣೇಶನನ್ನು ನೀರಿಗೆ ಬಿಟ್ಟ ಮಾರನೆಯ ವಾರ, ಮದ್ರಾಸಿನ ನಮ್ಮ ಕನ್ನಡ ಸಂಘದವರು ನನ್ನನ್ನು ದೆವ್ವಗಳ ಬಗ್ಗೆ ಮಾತಾಡಲು ಕರೆದರು. ವಿಷಯ ನಾನೇ ಕೊಟ್ಟದ್ದು. ವಿಮಾ ಕಚೇರಿಯ ಕೆಲಸದಿಂದ ಅವಧಿಗೆ ಮೊದಲೇ ನಿವೃತ್ತಿ ತಗೊಂಡ ಮೇಲೆ ನನಗೆ ಉಳಿದ ಚಟ ಓದುವುದೊಂದೇ. ಮೈಲಾಪೂರಿನ ಒಂದು ಹಳೆಯ ಮಹಡಿಯ ಹಾಲಿನಲ್ಲಿ ಹದಿನೆಂಟು ಜನ ಸೇರಿದ್ದರು. ಅದರಲ್ಲಿ ಆರು ಜನ ಬೋಂಡಾ ಕಾಫಿಗೆ ಬಂದವರು ಅಂತ ನನಗೂ ಗೊತ್ತು, ಅವರಿಗೂ ಗೊತ್ತು.

ನಾನು ಚೆನ್ನಾಗಿಯೇ ಮಾತಾಡಿದೆ. ಮುಪ್ಪಾಗಿ, ಮೊಮ್ಮಕ್ಕಳ ಕೈಯಲ್ಲಿ ನೀರು ಕುಡಿದು ಸತ್ತವರು ನಮ್ಮ ಕಥೆಗಳಲ್ಲಿ ದೆವ್ವವಾಗುವುದಿಲ್ಲ ಅಂದೆ. ಬಾಣಂತಿಯಾಗಿ ಸತ್ತವಳು, ಮದುವೆ ಕಾಣದೆ ಹೋದವಳು, ಕೆರೆಗೆ ಬಿದ್ದವಳು, ದಾರಿಯಲ್ಲಿ ಕೊಲೆಯಾದ ಪರದೇಶಿ, ಇಂಥವರೇ ಆಗುತ್ತಾರೆ. ಅರ್ಧಕ್ಕೆ ನಿಂತ ಆ ಬದುಕುಗಳಿಗೆ ಊರು ಒಂದು ಹುಣಸೆಮರ ಬಿಟ್ಟುಕೊಡುತ್ತದೆ, ಎಲ್ಲೆಯಲ್ಲಿ ಒಂದು ಕಲ್ಲು ನೆಡುತ್ತದೆ, ವರ್ಷಕ್ಕೊಮ್ಮೆ ಸೀರೆ ಬಳೆ ಇಡುತ್ತದೆ. ಹೆದರಿಕೆ ಇದ್ದೇ ಇದೆ, ಆದರೆ ಅದರ ಕೆಳಗೆ ತಪ್ಪಿನ ಅರಿವೂ ಇದೆ. ದೆವ್ವ ಮೆಟ್ಟಿದವರ ಎದುರು ಕೂತು ಹಿರಿಯರು ಕೇಳುವುದು ಮೂರೇ ಮಾತು: ಯಾರು ನೀನು, ಯಾರ ಮನೆಯವಳು, ಏನು ಬೇಕು. ಉತ್ತರ ಬಂದರೆ ಅದು ಬಿಟ್ಟು ಹೋಗುತ್ತದೆ. ಪುಸ್ತಕದ ಕಥೆಗಳಲ್ಲೂ ಸತ್ತವರು ಮರಳಿ ಬರುವುದು ಇದಕ್ಕೇ, ಯಾರಾದರೂ ವಿಚಾರಿಸಲಿ ಅಂತ. ಇಷ್ಟು ಹೇಳಿ ನೀರು ಕುಡಿದೆ.

ಮುಂದಿನ ಸಾಲಿನಲ್ಲಿದ್ದ ಮೈಸೂರಿನ ಕಡೆಯ ಅಜ್ಜಿಯೊಬ್ಬರು ಕೈ ಎತ್ತಿದರು. "ಹೆಸರು ಕೇಳಿದ್ರೆ ಹೋಗುತ್ತೆ ಅಂದ್ರಿ, ಸರಿ. ಯಾರೂ ಕೇಳದೇ ಇದ್ರೆ ಅದು ಎಲ್ಲಿರುತ್ತಮ್ಮಾ?"

ಅದರ ಬಗ್ಗೆ ಇನ್ನೂ ಓದಬೇಕು ಅಂತ ಏನೋ ಹೇಳಿ ಜಾರಿಕೊಂಡೆ. ಹಸಿ ಸುಳ್ಳು ಅದು. ಎಲ್ಲಿರುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ವೆಸ್ಟ್ ಮಾಂಬಲಂನ ನಮ್ಮ ಮನೆಯಲ್ಲಿ, ಅಪ್ಪನ ಊಟದ ಎಲೆಯ ಹತ್ತಿರ ಅದು ಮೂವತ್ತೇಳು ವರ್ಷದಿಂದ ಇತ್ತು. ಅದರ ಹೆಸರು ಈಗ ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ನಮ್ಮಪ್ಪ ಲೋಕಲ್ ಟ್ರೈನ್ ಓಡಿಸುತ್ತಿದ್ದ ಮೋಟರ್‌ಮ್ಯಾನ್. ಬಳ್ಳಾರಿ ಕಡೆಯಿಂದ ರೈಲ್ವೆ ಕೆಲಸಕ್ಕೆ ಬಂದವರು ಬೀಚ್‌ ಸ್ಟೇಷನ್ನಿಗೂ ತಾಂಬರಂಗೂ ನಡುವೆ ಓಡಾಡುತ್ತಲೇ ಮುದುಕರಾದರು. ತಮಿಳು ಸರಾಗ ಮಾತಾಡುತ್ತಾರೆ, ಓದಲು ಮಾತ್ರ ಇವತ್ತಿಗೂ ಬಾರದು. ಈ ಊರಿನಲ್ಲಿ ಹಳಿ ದಾಟುವವರಿಗೆ ಬರವಿಲ್ಲ. ಮೇಲ್ಸೇತುವೆ ಹತ್ತಲು ಎಲ್ಲರಿಗೂ ಸೋಮಾರಿತನ. ನಾನೂ ಶಾಲೆಗೆ ಹಾಗೇ ದಾಟುತ್ತಿದ್ದೆ, ಅಪ್ಪ ಒಮ್ಮೆ ಕಂಡು ಬೈದಿದ್ದರು, ಮರುದಿನವೂ ದಾಟಿದ್ದೆ. ಅವರ ಕೆಲಸದ ವರ್ಷಗಳಲ್ಲಿ ಗಾಡಿಗೆ ಸಿಕ್ಕು ಸತ್ತವರು ಮೂರೋ ನಾಲ್ಕೋ ಜನ. ಅವರ ಬಗ್ಗೆ ಅಪ್ಪ ಮನೆಯಲ್ಲಿ ಮಾತೆತ್ತಿದವರಲ್ಲ. ಒಬ್ಬಳ ವಿಷಯ ಮಾತ್ರ ಬೇರೆ.

ನಾನು ಹತ್ತನೇ ತರಗತಿಯಲ್ಲಿದ್ದೆ. ಮಧ್ಯಾಹ್ನ ಊಟದ ಗಂಟೆ ಬಾರಿಸಿದಾಗ ಪ್ಯೂನ್ ಬಂದು ನನ್ನನ್ನು ಕರೆದ. ಶಾಲೆಯ ಗೇಟಿನಲ್ಲಿ ಅಪ್ಪ ಡ್ಯೂಟಿಯ ಬಟ್ಟೆಯಲ್ಲೇ ನಿಂತಿದ್ದರು. ಏನು ಅಂತ ಕೇಳಿದೆ. ಅವರು ನನ್ನನ್ನು ಒಮ್ಮೆ ನೋಡಿದರು, ನನ್ನ ಜಡೆಯ ರಿಬ್ಬನ್ ಮುಟ್ಟಿದರು, ತಿರುಗಿ ಹೊರಟುಹೋದರು. ಹಿಂದೆ ಹುಡುಗಿಯರು ಕಿಸಕ್ಕೆಂದರು. ನನಗೆ ಮೈಯೆಲ್ಲ ಉರಿಯಿತು. ಸಂಜೆ ಜಗಳ ಮಾಡಬೇಕು ಅಂದುಕೊಂಡೇ ಮನೆಗೆ ಬಂದರೆ ಅಮ್ಮ ಬಾಗಿಲಲ್ಲೇ ತಡೆದು ವಿಷಯ ಹೇಳಿದಳು. ಬೆಳಿಗ್ಗೆ ಅಪ್ಪನ ಗಾಡಿಗೆ ಒಬ್ಬ ಶಾಲೆ ಹುಡುಗಿ ಸಿಕ್ಕಳು. ನೀಲಿ ದಾವಣಿ, ಎರಡು ಜಡೆ. ಆ ಕಾಲದಲ್ಲಿ ಅರ್ಧ ಮದ್ರಾಸಿನ ದೊಡ್ಡ ಹುಡುಗಿಯರು ಶಾಲೆಗೆ ಉಡುತ್ತಿದ್ದದ್ದು ಅದನ್ನೇ, ನಾನೂ ಅದನ್ನೇ. ಅಪ್ಪ ಹಾರ್ನ್ ಒತ್ತಿದರು, ಬ್ರೇಕ್ ಹಾಕಿದರು, ಅವಳು ತಿರುಗಿ ನೋಡಿದಳು, ಅಷ್ಟೆ. ವಿಚಾರಣೆಯಲ್ಲಿ ಅಪ್ಪನ ತಪ್ಪಿಲ್ಲ ಅಂತಲೇ ಬರೆದರು. ಅಪ್ಪ ಕೇಳಿದರೂ ಹುಡುಗಿಯ ಹೆಸರು ಮಾತ್ರ ಯಾರೂ ಹೇಳಲಿಲ್ಲ.

ಆಗ ನಮ್ಮಜ್ಜಿ ಬದುಕಿದ್ದಳು. ಅವಳು ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತ, "ಸಾಯೋ ಜೀವ ಕಡೀಗೆ ಯಾರ ಮುಖ ನೋಡ್ತದೋ ಅವರ ಹಿಂದನ ಬರ್ತದ" ಅಂದುಬಿಟ್ಟಳು. ಅಮ್ಮ ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡಳು.

ಮೂರನೆಯ ದಿನ ಪಕ್ಕದ ಮನೆಯಾಕೆ ತಮಿಳು ಪೇಪರೊಂದನ್ನು ತಂದುಕೊಟ್ಟು, ಆ ಹುಡುಗಿಯ ಸುದ್ದಿ ಬಂದಿದೆ ಅಂದಳು. ಅಮ್ಮನಿಗೂ ತಮಿಳು ಓದಲು ಬಾರದು. ಅಡಿಗೆಮನೆಯಲ್ಲಿ ನನ್ನ ಕೈಲಿ ಸಣ್ಣ ದನಿಯಲ್ಲಿ ಓದಿಸಿದಳು. ಐದೇ ಸಾಲು. ಹುಡುಗಿಯ ಹೆಸರು, ವಯಸ್ಸು ಹದಿನೈದು, ತಂದೆಗೆ ಇಸ್ತ್ರಿಯ ತಳ್ಳುಗಾಡಿ. ಓದಿ ಮುಗಿಸುತ್ತಲೇ ಅಮ್ಮ ಪೇಪರನ್ನು ಒಲೆಗೆ ಹಾಕಿ, ನನ್ನ ಕೈ ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡಳು.

"ಈ ಹೆಸರು ನಿಮ್ಮಪ್ಪನ ಕಿವಿಗೆ ಬೀಳಬಾರದು. ಗೊತ್ತಾತಂದ್ರ ಅವರು ಕರೀತಾರ. ಕರದ್ರ ಅದು ಬರ್ತದ. ಮನ್ಯಾಗ ಅದೇ ವಯಸ್ಸಿನ ಹುಡುಗಿ ಇದ್ದಾಳ."

ಅಮ್ಮನ ತಲೆ ಮುಟ್ಟಿ ಆಣೆ ಮಾಡಿದೆ. ಅಂಥ ಆಣೆ ಮುರಿದರೆ ಏನಾಗುತ್ತದೆ ಅಂತ ನಮ್ಮಂಥ ಮನೆಗಳಲ್ಲಿ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ನಾನು ಕಾಲೇಜು ಓದಿದೆ, ಕೆಲಸಕ್ಕೆ ಸೇರಿದೆ, ಇಂಥದ್ದೆಲ್ಲ ಮೂಢನಂಬಿಕೆ ಅಂತ ಗೆಳತಿಯರ ಜೊತೆ ವಾದ ಮಾಡಿದೆ. ಆಣೆ ಮಾತ್ರ ಮುರಿಯಲಿಲ್ಲ.

ಆದರೂ ಆ ಹುಡುಗಿ ಬಂದದ್ದಂತೂ ನಿಜ. ಬಿಳಿ ಸೀರೆ, ತಿರುಗಿದ ಪಾದ ಯಾವುದೂ ಇರಲಿಲ್ಲ. ನಮ್ಮ ಮನೆಯಿಂದ ಸ್ಟೇಷನ್ ಎರಡು ಬೀದಿ ಆಚೆ, ಐದು ಹತ್ತು ನಿಮಿಷಕ್ಕೊಂದು ಗಾಡಿ. ಅಪ್ಪ ಊಟಕ್ಕೆ ಕೂತಾಗ ಹಾರ್ನ್ ಕೇಳಿಸಿದರೆ ತುತ್ತು ಹಿಡಿದ ಕೈ ಎಲೆಗೂ ಬಾಯಿಗೂ ನಡುವೆ ನಿಂತುಬಿಡುತ್ತಿತ್ತು. ಗಾಡಿಯ ಸದ್ದು ಪೂರ್ತಿ ಅಡಗಿದ ಮೇಲೆ ಕೈ ಮತ್ತೆ ಏಳುತ್ತಿತ್ತು. ಅಷ್ಟರಲ್ಲಿ ಅನ್ನ ಆರಿರುತ್ತಿತ್ತು. ಮೂವತ್ತೇಳು ವರ್ಷ ಅಪ್ಪ ಬಿಸಿ ಅನ್ನ ಉಂಡದ್ದು ನಾನು ನೋಡಲಿಲ್ಲ. ಮನೆಗೆ ಬಂದ ನೆಂಟರು ವಯಸ್ಸಾಯಿತು, ಮರೆವು ಅಂದುಕೊಳ್ಳುತ್ತಿದ್ದರು. ನಾವು ಯಾರೂ ತಿದ್ದಲಿಲ್ಲ.

ಇನ್ನೊಂದು ಪದ್ಧತಿ ಅಪ್ಪ ಆ ವರ್ಷವೇ ಶುರು ಮಾಡಿದರು. ಪಿತೃಪಕ್ಷದಲ್ಲಿ, ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಘಾತ ಚತುರ್ದಶಿ. ಅಪಘಾತದಲ್ಲಿ, ಆಯುಧದಿಂದ, ಒಟ್ಟಿನಲ್ಲಿ ಅಕಾಲದಲ್ಲಿ ಸತ್ತವರಿಗೆ ಮೀಸಲಾದ ತಿಥಿ. ನಮ್ಮ ವಂಶದಲ್ಲಿ ಹಾಗೆ ಸತ್ತವರು ಯಾರೂ ಇಲ್ಲ. ಆದರೂ ಅಪ್ಪ ಆ ದಿನ ಆಚಾರ್ಯರನ್ನು ಕರೆಸಿ ಎಳ್ಳುನೀರು ಬಿಡುತ್ತಿದ್ದರು. ಆಚಾರ್ಯರು ಹೆಸರು ಕೇಳುವರು, ಅಪ್ಪ ಗೊತ್ತಿಲ್ಲ ಅನ್ನುವರು. ಹೆಸರಿಲ್ಲದ ತರ್ಪಣ ವಿಳಾಸವಿಲ್ಲದ ಕಾಗದದ ಹಾಗೆ, ಮುಟ್ಟಿದರೆ ಮುಟ್ಟಿತು ಅಂತ ಆಚಾರ್ಯರು ಹೇಳುವರು. ಆಗಲಿ ಅಂತ ಅಪ್ಪ ಬಿಡುವರು. ಅಡಿಗೆಮನೆಯ ಬಾಗಿಲಲ್ಲಿ ಅಮ್ಮ ನನ್ನ ಮುಖ ನೋಡುವಳು, ನಾನು ನೆಲ ನೋಡುವೆ. ಪ್ರತಿ ವರ್ಷ ಇದೇ.

ಅಮ್ಮ ತೀರಿಕೊಂಡು ಈಗ ಎರಡು ವರ್ಷ. ತಲೆಯೇ ಇಲ್ಲದ ಮೇಲೆ ಆಣೆ ಎಲ್ಲಿಯದು? ಆದರೂ ಮೊದಲ ವರ್ಷ ನನಗೆ ಧೈರ್ಯ ಬರಲಿಲ್ಲ. ಅಮ್ಮನ ಭಯಕ್ಕಿಂತ ಈಗ ಬೇರೆ ಭಯ. ಎಂಬತ್ತೆರಡು ವರ್ಷದ ಮುದುಕರಿಗೆ, ನೀನು ಹುಡುಕುತ್ತಿದ್ದದ್ದು ನನ್ನ ಬಾಯಲ್ಲೇ ಇತ್ತು ಅಂತ ಹೇಗೆ ಹೇಳುವುದು? ಮದುವೆಯಾಗಿ, ಅದು ಮುರಿದು ಈ ಮನೆಗೇ ಮರಳಿದಾಗ ಒಂದೂ ಪ್ರಶ್ನೆ ಕೇಳದ ಅಪ್ಪ ಅವರು. ಅವರು ನನ್ನ ಮೇಲೆ ಮುನಿಸಿಕೊಂಡರೆ ನನಗೆ ಬೇರೆ ಯಾರಿದ್ದಾರೆ? ಹೀಗೆ ಲೆಕ್ಕ ಹಾಕುತ್ತ ಆ ವರ್ಷದ ಚತುರ್ದಶಿ ದಾಟಿಸಿದೆ. ಈ ವರ್ಷವೂ ದಾಟಿಸುತ್ತಿದ್ದೆನೋ ಏನೋ, ಆದರೆ ಆ ಮೈಸೂರಜ್ಜಿಯ ಮಾತು ಬೆನ್ನು ಬಿಡಲಿಲ್ಲ.

ಚತುರ್ದಶಿಯ ಬೆಳಿಗ್ಗೆ ಆಚಾರ್ಯರು ಬಂದರು. ಹಳೆಯ ಆಚಾರ್ಯರ ಮಗ, ಇಲ್ಲೇ ಹುಟ್ಟಿ ಬೆಳೆದವರು. ಅಪ್ಪ ಮಡಿ ಪಂಚೆ ಉಟ್ಟು, ಜನಿವಾರ ಬಲಕ್ಕೆ ಹಾಕಿಕೊಂಡು, ದರ್ಭೆಯ ಉಂಗುರ ತೊಟ್ಟು ಕೂತರು. ತಾಮ್ರದ ತಟ್ಟೆ, ಕರಿ ಎಳ್ಳು, ನೀರು. ನಾನು ಅಮ್ಮ ನಿಲ್ಲುತ್ತಿದ್ದ ಜಾಗದಲ್ಲಿ ನಿಂತಿದ್ದೆ. ಆಚಾರ್ಯರು ಗಡಿಯಾರ ನೋಡಿ, ಹೆಸರು ಎಂದಿನಂತೆ ಗೊತ್ತಿಲ್ಲ ತಾನೆ ಅಂತ ಕೇಳಿದರು. ಅಪ್ಪ ತಲೆಯಾಡಿಸುವ ಮೊದಲೇ ನಾನು ಆ ಹೆಸರು ಹೇಳಿದೆ.

ಅದನ್ನು ಇಲ್ಲಿ ಬರೆಯುವುದಿಲ್ಲ. ಅದು ಅಪ್ಪನಿಗೆ ಸೇರಬೇಕಾದದ್ದು, ಅವರಿಗೆ ಕೊಟ್ಟೆ.

ಅಪ್ಪ ನನ್ನ ಕಡೆ ತಿರುಗಲಿಲ್ಲ. ನೀರು ಹಿಡಿದ ಕೈ ಹಾಗೇ ಇತ್ತು. ವಯಸ್ಸು ಕೇಳಿದರು. ಹದಿನೈದು ಅಂದೆ. ಆಚಾರ್ಯರಿಗೆ ಏನು ಅರ್ಥವಾಯಿತೋ, ಅವರ ಅವಸರ ಮಾತ್ರ ನಿಂತಿತು. ಗೋತ್ರ ತಿಳಿಯದವರಿಗೆ ಕಾಶ್ಯಪ ಗೋತ್ರ ಹೇಳುವ ರೂಢಿ ಇದೆ, ಅದನ್ನೇ ಹೇಳೋಣ ಅಂದರು. ಆಮೇಲೆ ತಡೆದು, "ಹೆಸರು ಹೇಳಿದ ಮೇಲೆ ಸಂಬಂಧನೂ ಹೇಳ್ಬೇಕು. ನಿಮಗೆ ಏನಾಗ್ಬೇಕು? ಆಪ್ತರು ಅಂತ ಹೇಳ್ಬಿಡೋಣ, ಶರಿಯಾ?" ಅಂತ ತಮಿಳು ಬೆರೆಸಿ ಕೇಳಿದರು.

ಅಪ್ಪ ಎಳ್ಳಿನಿಂದ ಕಣ್ಣೆತ್ತಿ ನನ್ನ ಕಡೆ ತಿರುಗಿದರು.

"ಅವತ್ತು ಆಕಿ ತಿರುಗಿ ನೋಡಿದಾಗ ನನಗ ಕಂಡಿದ್ದು ನಿನ್ನ ಮುಖ. ಸಾಲಿಗೆ ಬಂದು ನಿನ್ನ ನೋಡೋತನಕ ನೀನ ಸತ್ತೀದಿ ಅಂತ ಇದ್ದೆ. ನೋಡಿದ ಮ್ಯಾಲ ಜೀವಕ್ಕ ಸಮಾಧಾನ ಆತು. ಸತ್ತಾಕಿ ಬ್ಯಾರೆಯವರ ಮಗಳು ಅಂತ ಸಮಾಧಾನ ಆತು ನೋಡು ನನಗ." ಅವರು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಮಗಳು ಅಂತ ಹೇಳಲೇನವಾ? ನೀ ಎದುರಿಗೆ ನಿಂತೀದಿ, ಒಬ್ಬಾಕೀನ ಮಗಳು. ನಿನಗ ನಡೀತದೇನು?"

ಬದುಕಿರುವ ಒಬ್ಬಳೇ ಮಗಳ ಎದುರು, ಮಗಳಿಗೆ ಅಂತ ಎಳ್ಳುನೀರು ಬಿಡುವುದು. ಅಮ್ಮ ಇದ್ದಿದ್ದರೆ ತಟ್ಟೆ ಎತ್ತಿ ಎಸೆಯುತ್ತಿದ್ದಳು. ಆಚಾರ್ಯರೂ ಬೇಡ ಅನ್ನುವಂತೆ ನನ್ನನ್ನು ನೋಡಿದರು. ಗೇಟಿನಲ್ಲಿ ರಿಬ್ಬನ್ ಮುಟ್ಟಿದ ಆ ಕೈ ನನಗೆ ಆ ಗಳಿಗೆಯಲ್ಲಿ ಅರ್ಥವಾಯಿತು. ಇಷ್ಟು ವರ್ಷ ಅಪ್ಪನನ್ನು ಹಿಡಿದದ್ದು ಆ ಹುಡುಗಿಯೊಬ್ಬಳೇ ಅಲ್ಲ, ಸದ್ಯ ನನ್ನವಳಲ್ಲ ಅಂತ ಉಸಿರು ಬಿಟ್ಟ ಆ ಒಂದು ಗಳಿಗೆಯೂ ಹೌದು. ನನಗೆ ಅಳು ಬಂತು, ತಡೆಯಲು ಹೋಗಲಿಲ್ಲ.

"ಹೇಳಪ್ಪ" ಅಂದೆ.

ಆಚಾರ್ಯರು ಮಂತ್ರ ಹೇಳಿಕೊಟ್ಟರು. ಕಾಶ್ಯಪ ಗೋತ್ರದ, ಇಂಥ ಹೆಸರಿನ ನನ್ನ ಮಗಳಿಗೆ ಅನ್ನುವ ಸಂಸ್ಕೃತದ ಮಾತನ್ನು ಅಪ್ಪ ಒಂದಕ್ಷರ ತಪ್ಪದೆ ಹೇಳಿದರು. ಹೆಬ್ಬೆರಳ ಸಂದಿನಿಂದ ನೀರು ತಟ್ಟೆಗೆ ಇಳಿಯಿತು.

ಊಟಕ್ಕೆ ಇಬ್ಬರೇ. ನೆಲದ ಮೇಲೆ ಎರಡು ಬಾಳೆಲೆ ಹಾಕಿ ಬಡಿಸಿದೆ. ಎಂದಿನಿಂದ ಗೊತ್ತಿತ್ತು ಅಂತ ಅಪ್ಪ ಕೇಳಿದರು. ಮೂರನೇ ದಿನದಿಂದ ಅಂದೆ. ಪೇಪರಿನ ವಿಷಯ, ಆಣೆಯ ವಿಷಯ, ಹೋದ ವರ್ಷ ನಾನು ಹೆದರಿ ಸುಮ್ಮನಾದದ್ದು, ಎಲ್ಲ ಹೇಳಿದೆ. ಬೈಯಲಿ ಅಂತ ಕಾದೆ. ಅವರು ಬೈಯಲಿಲ್ಲ.

"ನಿಮ್ಮಮ್ಮ ನಮ್ಮನ್ನ ಕಾಯ್ದಳು. ಆ ಕೂಸು ಮಾತ್ರ ಇಷ್ಟು ವರ್ಷ ಹೊರಗ ನಿಂತಿತು."

ಅಷ್ಟರಲ್ಲಿ ಸ್ಟೇಷನ್ ಕಡೆಯಿಂದ ಹಾರ್ನ್ ಕೇಳಿಸಿತು. ತುತ್ತು ಹಿಡಿದ ಕೈ ಎಂದಿನಂತೆ ನಡುವೆ ನಿಂತಿತು. ಇಷ್ಟಾದರೂ ಇದು ಹೋಗಲಿಲ್ಲವಲ್ಲ ಅಂದುಕೊಂಡೆ. ಗಾಡಿ ಹತ್ತಿರವಾಗುತ್ತಿತ್ತು. ಅಪ್ಪ ಬಾಗಿಲ ಕಡೆ ಮುಖ ಮಾಡಿ, ಸಣ್ಣವಳಿದ್ದಾಗ ನನ್ನನ್ನು ಕೂಗುತ್ತಿದ್ದ ದನಿಯಲ್ಲೇ, ಆ ಹೆಸರು ಹಿಡಿದು ಕರೆದರು.

"ಬಾರವಾ, ಊಟಕ್ಕ ಬಾ."

ಅಮ್ಮ ಹೆದರಿದ್ದು ಇದಕ್ಕೇ. ನಾನು ಎದ್ದು ನನ್ನ ಎಲೆಯ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿ ಅನ್ನ ಬಡಿಸಿದೆ. ಗಾಡಿ ಇನ್ನೂ ಹಾಯುತ್ತಲೇ ಇತ್ತು. ಅಪ್ಪ ತುತ್ತನ್ನು ಬಾಯಿಗೆ ಇಟ್ಟುಕೊಂಡರು.