ತೌರುಮನೆಯಲ್ಲಿ ಉಳಿದವಳು

ಇದು ನಡೆದ ಸಂಗತಿ. ಮೈಸೂರಿನ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಬಹಳ ಕಾಲ ಕೆಲಸ ಮಾಡಿದವನು ನಾನು. ಕಂಡದ್ದು ಬೇರೆ, ಕೇಳಿದ್ದು ಬೇರೆ, ಇನ್ನೊಬ್ಬರು ಹೇಳಿದ್ದು ಬೇರೆ ಎಂದು ವಿಂಗಡಿಸಿಯೇ ಬರೆಯುವ ಅಭ್ಯಾಸ. ದೆವ್ವದ ಸುದ್ದಿ ಹೊತ್ತು ತಂದವರನ್ನು ‘ನೀವು ಕಣ್ಣಾರೆ ಕಂಡಿರಾ?’ ಎಂದು ಕೇಳಿ ವಾಪಸ್ ಕಳಿಸಿದ್ದೇನೆ. ಅದೇ ಪ್ರಶ್ನೆಯನ್ನು ನನಗೆ ಕೇಳಿಕೊಂಡು ಇದನ್ನು ಬರೆಯುತ್ತಿದ್ದೇನೆ. ಇದು ಶುರುವಾದ ಕಡಲತೀರದ ಊರಿನ ಹೆಸರೊಂದನ್ನು ಮಾತ್ರ ಬಿಟ್ಟಿದ್ದೇನೆ. ನಾವು ಅಲ್ಲಿ ಇಳಿದುಕೊಂಡಿದ್ದ ಲಾಡ್ಜು ಈಗಲೂ ನಡೆಯುತ್ತಿದೆ.

ತೊಂಬತ್ತರ ದಶಕದ ಕೊನೆ. ನನಗೂ ರತ್ನಳಿಗೂ ಆ ಬೇಸಿಗೆಯಲ್ಲಷ್ಟೇ ಮದುವೆಯಾಗಿತ್ತು. ಹಿಂದೆಯೇ ಆಷಾಢ ಬಂತು. ನಮ್ಮ ಕಡೆ ಹೊಸ ಮದುಮಗಳು ಮೊದಲ ಆಷಾಢದಲ್ಲಿ ಗಂಡನ ಮನೆಯಲ್ಲಿ ಇರುವಂತಿಲ್ಲ. ತೌರಿಗೆ ಹೋಗಿ ಆ ಒಂದು ತಿಂಗಳು ಅಲ್ಲೇ ಇರಬೇಕು. ಅತ್ತೆ, ಅಳಿಯ ಒಂದೇ ಹೊಸ್ತಿಲು ದಾಟಬಾರದು. ನಮ್ಮ ಮನೆ ಒಂಟಿಕೊಪ್ಪಲಿನಲ್ಲಿ, ಅವಳ ತೌರು ಕುಂಬಾರಕೊಪ್ಪಲಿನಲ್ಲಿ. ಸ್ಕೂಟರ್ ಬಿಸಿಯಾಗುವುದರೊಳಗೆ ತಲುಪಿಬಿಡಬಹುದು. ಆದರೂ ಆ ಬೀದಿಗೆ ನಾನು ಕಾಲಿಡುವಂತಿರಲಿಲ್ಲ.

ರತ್ನ ಪ್ರೈಮರಿ ಶಾಲೆಯ ಟೀಚರ್. ತಂದೆ ಇಲ್ಲ, ಒಬ್ಬಳೇ ಮಗಳು. ಮದುವೆಯ ಮಾರನೆಯ ದಿನದಿಂದಲೇ ನಮ್ಮತ್ತೆ ಆಷಾಢಕ್ಕೆ ಕಾಯುತ್ತಿದ್ದರು. ನಾವು ಕಾಯುತ್ತಿದ್ದುದು ಬೇರೆಯದಕ್ಕೆ. ಮಳೆಗಾಲದಲ್ಲಿ ಕಡಲತೀರದ ಲಾಡ್ಜುಗಳು ಖಾಲಿ, ಗುರುತಿನವರು ಯಾರೂ ಎದುರಾಗುವುದಿಲ್ಲ. ನಾನು ಮನೆಯಲ್ಲಿ ಹಾಸನದಲ್ಲಿ ವರದಿಗಾರಿಕೆ ಎಂದೆ. ಅವಳು ತಾಯಿಗೆ ಮಂಗಳೂರಿನಲ್ಲಿ ಶಾಲೆಯ ಟ್ರೈನಿಂಗ್ ಎಂದಳು.

ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಅವಳ ಮುಖ ಸಣ್ಣಗಾಗಿತ್ತು.

“ಬಂದು ನಾಕು ದಿನ ಆಗಿಲ್ಲ, ಆಗ್ಲೇ ಹೊರಟ್ಯಾ ಅಂತ ಅಮ್ಮ ಕೈ ಹಿಡ್ಕೊಂಡ್ಬುಟ್ರು ಕಣ್ರೀ. ಬಿಡಿಸ್ಕೊಂಡು ಬಂದೆ.”

“ಬೇಡ ಅಂದ್ರೆ ವಾಪಸ್ ಹೋಗೋಣ.”

“ಟಿಕೆಟ್ ತಗೊಂಡಿಲ್ವಾ? ನಡೀರಿ ನಡೀರಿ.”

ಲಾಡ್ಜು ಊರಿನಿಂದ ದೂರ, ಮರಳಿಗೆ ಅಂಟಿಕೊಂಡಂತೆ ಇತ್ತು. ಮಳೆಯ ನಡುವೆ ಕಂಡ ಸಮುದ್ರ ನೀಲಿಯಲ್ಲ, ಕಲಸಿದ ಮಣ್ಣಿನ ಬಣ್ಣ. ಕೊಳೆತ ಮೀನು, ಒದ್ದೆ ಹಗ್ಗ, ತುಕ್ಕು... ಎಲ್ಲ ಸೇರಿದ ವಾಸನೆ. ನಾವಲ್ಲದೆ ಬೇರೆ ಯಾರೂ ಅಲ್ಲಿ ಇಳಿದುಕೊಂಡಿರಲಿಲ್ಲ. ಮ್ಯಾನೇಜರ್ ನಮ್ಮನ್ನೂ, ರತ್ನಳ ಕೈಯ ಹೊಸ ಬಳೆಗಳನ್ನೂ ನೋಡಿದರು.

“ಆಟಿ ತಿಂಗಳಲ್ಲಿ ಹೊಸ ಜೋಡಿಯಾ? ಮನೆಯಲ್ಲಿ ಹೇಳಿ ಬಂದದ್ದಲ್ವಾ ಮಾರಾಯ್ರೆ?”

ಆಷಾಢಕ್ಕೆ ಅವರ ಕಡೆ ಆಟಿ ಎನ್ನುತ್ತಾರೆ. ರತ್ನ ಜಗಲಿಯ ಮೆಟ್ಟಿಲ ಮೇಲೆ ಸಮುದ್ರಕ್ಕೆ ಮುಖ ಮಾಡಿ ನಿಂತಿದ್ದಳು. ತಿರುಗದೆಯೇ ನಕ್ಕು ಜೋರಾಗಿ ಹೇಳಿದಳು:

“ರತ್ನ ತೌರುಮನೇಲೇ ಇದಾಳೆ ಸಾರ್! ಇಲ್ಲಿಗೆ ಬಂದಿರೋದು ನಾನಲ್ಲ!”

ನಾನೂ ನಕ್ಕೆ. ಮ್ಯಾನೇಜರ್ ನಗಲಿಲ್ಲ.

“ನೀರಿನ ಎದುರು ನಿಂತು ಹಾಗೆಲ್ಲ ಹೇಳ್ಲಿಕ್ಕಿಲ್ಲಮ್ಮ...” ಎಂದು ಮೆಲ್ಲಗೆ ಹೇಳಿ ಬೀಗದ ಕೈ ತರಲು ಒಳಗೆ ಹೋದರು.

ಆ ರಾತ್ರಿ ನನಗೆ ಎಚ್ಚರವಾಗಿದ್ದು ನಲ್ಲಿಯ ಸದ್ದಿಗೆ. ಜಗಲಿಯ ಪಕ್ಕ ಕಾಲು ತೊಳೆಯಲೆಂದು ಒಂದು ನಲ್ಲಿ ಇತ್ತು. ಯಾರೋ ಅದರ ಕೆಳಗೆ ಕಾಲು ತೊಳೆಯುತ್ತಿದ್ದರು... ಪಾದ ಉಜ್ಜುವ ಸದ್ದು, ಬಳೆಗಳ ಸದ್ದು. ಮುಗಿಯುತ್ತಲೇ ಇರಲಿಲ್ಲ. ರತ್ನ ನನ್ನ ಪಕ್ಕದಲ್ಲಿ ನಿದ್ದೆ ಮಾಡುತ್ತಿದ್ದಳು. ಕೆಲಸದವಳಿರಬೇಕು ಎಂದುಕೊಂಡು ಮಗ್ಗಲು ಬದಲಿಸಿದೆ.

ಬೆಳಿಗ್ಗೆ ನೋಡಿದರೆ, ಜಗಲಿಯ ಹಗ್ಗದ ಮೇಲೆ ಒಣಹಾಕಿದ್ದ ರತ್ನಳ ಕೆಂಪು ಸೀರೆ ಇರಲಿಲ್ಲ. ಗಾಳಿಗೆ ಹಾರಿರಬೇಕೆಂದು ಮರಳಿನುದ್ದಕ್ಕೂ ಹುಡುಕಿದೆವು. ಸಿಗಲಿಲ್ಲ. ಇಲ್ಲಿ ಕೆಲಸದ ಹೆಂಗಸರು ಇದ್ದಾರೆಯೇ ಎಂದು ಮ್ಯಾನೇಜರ್ ಅವರನ್ನು ಕೇಳಿದೆ.

“ಮಳೆಗಾಲದಲ್ಲಿ ಯಾರೂ ಇಲ್ಲ. ನಾನೊಬ್ಬನೇ.”

ಅಂದು ಸಂಜೆ ರಸ್ತೆಯ ಬದಿಯ ಎಸ್‌ಟಿಡಿ ಬೂತಿಗೆ ಹೋದೆವು. ತಾಯಿಗೆ ಒಂದು ಫೋನ್ ಮಾಡದಿದ್ದರೆ ಅನುಮಾನ ಬರುತ್ತದೆ ಎಂದು ರತ್ನ ಹೇಳಿದ್ದಳು. ಗಾಜಿನ ಗೂಡಿನೊಳಗೆ ಇಬ್ಬರೂ ಒತ್ತಿಕೊಂಡು ನಿಂತೆವು. ಅವಳು ನಂಬರ್ ಒತ್ತಿ, ನನ್ನ ಕಡೆ ಕಣ್ಣು ಮಿಟುಕಿಸಿ, “ಅಮ್ಮಾ, ನಾನು ರತ್ನ...” ಎಂದಳು.

ಆ ಕಡೆ ಅತ್ತೆಯ ದನಿ ಬಂದ ಕೂಡಲೇ ಅವಳು ರಿಸೀವರನ್ನು ನನ್ನ ಕಿವಿಗೂ ತಾಗುವಂತೆ ಹಿಡಿದಳು. ಇನ್ನು ಮುಂದಿನದು ನಾನೇ ಕೇಳಿದ್ದು.

“ಯಾರಮ್ಮ ನೀನು? ತಮಾಷೆ ಮಾಡ್ತಿದೀಯಾ? ನನ್ ಮಗಳು ಇಲ್ಲೇ ಅವ್ಳೆ.”

“ಅಮ್ಮಾ, ನಾನೇ! ಮಂಗಳೂರಿಂದ...”

“ಟ್ರೈನಿಂಗ್ ಇಲ್ಲ ಅಂತ ನಿನ್ನೆ ರಾತ್ರಿನೇ ಬಂದ್ಬುಟ್ಲಲ್ಲ! ಮಳೇಲಿ ನೆನ್ಕಂಡು ಬಂದ್ಲು ಮಗ. ಬೆಳಿಗ್ಗೆಯಿಂದ ನನ್ ಕೈ ಬಿಟ್ಟಿಲ್ಲ.” ಅತ್ತೆಯ ದನಿ ದೂರವಾಯಿತು. “ರತ್ನಾ, ಬಾ ಇಲ್ಲಿ. ಯಾವಳೋ ನಿನ್ ಹೆಸರು ಹೇಳ್ತಾವ್ಳೆ.”

ಗಾರೆ ನೆಲದ ಮೇಲೆ ಒದ್ದೆ ಪಾದಗಳು ಪಚಕ್ ಪಚಕ್ ಎಂದು ಹತ್ತಿರ ಬಂದವು. ಬಳೆಗಳ ಸದ್ದು... ಹಿಂದಿನ ರಾತ್ರಿ ನಲ್ಲಿಯ ಹತ್ತಿರ ಕೇಳಿದ್ದೇ. ಆಮೇಲೆ ಉಸಿರು. ಆ ಉಸಿರಿನ ಹಿಂದೆ, ನಿಧಾನವಾಗಿ ಏರಿ ಬಂದು ಒಡೆಯುವ ಅಲೆಗಳ ಸದ್ದು. ನಮ್ಮ ಹೊರಗಿನ ಸಮುದ್ರವೇ ಇರಬೇಕೆಂದು ಕೈಯಿಂದ ಇನ್ನೊಂದು ಕಿವಿ ಮುಚ್ಚಿಕೊಂಡೆ. ಸದ್ದು ಫೋನಿನೊಳಗೇ ಇತ್ತು. ಕುಂಬಾರಕೊಪ್ಪಲಿನಲ್ಲಿ ಅಲೆ ಎಲ್ಲಿಂದ ಬರಬೇಕು?

“ರೀ...” ಎಂದಿತು. ರತ್ನಳದೇ ದನಿ. ನನ್ನನ್ನು ಕರೆಯುವಾಗ ಮಾತ್ರ ಅವಳು ಎಳೆಯುವ ಆ ಎಳೆತ. “ಅವಳನ್ನ ಅಲ್ಲೇ ಬಿಟ್ಟು ಬನ್ನಿ.”

ರತ್ನ ನನ್ನ ಭುಜಕ್ಕೆ ತಾಗಿಕೊಂಡು ನಿಂತಿದ್ದಳು. ಅವಳ ಬಾಯಿ ಮುಚ್ಚಿತ್ತು.

ಅದೇ ರಾತ್ರಿಯ ಬಸ್ಸು ಹಿಡಿದೆವು. ಲಾಡ್ಜಿನಿಂದ ಹೊರಡುವಾಗ ಮ್ಯಾನೇಜರ್ ನಮ್ಮನ್ನು ರಸ್ತೆಯವರೆಗೆ ಕಳಿಸಿ, ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಟಾರ್ಚ್ ಹಾಕಿ ನೋಡಿದರು. ಘಟ್ಟದ ತಿರುವುಗಳಲ್ಲಿ ಮಳೆ ಬಸ್ಸಿನ ಗಾಜಿಗೆ ಹೊಡೆಯುತ್ತಿತ್ತು. ರತ್ನ ಒಂದೇ ಮಾತು ಆಡಿದಳು.

“ರೀ, ಅಮ್ಮ ನನ್ನ ಒಳಗೆ ಸೇರಿಸ್ತಾರಾ?”

“ಹುಚ್ಚುಚ್ಚಾಗಿ ಮಾತಾಡ್ಬೇಡ. ನಿಮ್ಮಮ್ಮ ಕಣೇ.”

ನಾವು ಕುಂಬಾರಕೊಪ್ಪಲು ಮುಟ್ಟಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಎದುರುಮನೆಯ ಜಯಮ್ಮ ಬಾಗಿಲಿಗೆ ನೀರು ಹಾಕುತ್ತಿದ್ದರು. ರತ್ನಳನ್ನು ಕಂಡವರೇ ಕೈಯ ಬಿಂದಿಗೆ ಕೆಳಗಿಟ್ಟರು.

“ನೀನು... ಒಳಗೆ ಮಲಗಿದ್ಯಲ್ಲಮ್ಮ. ರಾತ್ರಿ ನಾನೇ ನಿಂಗೆ ಹೂ ಮುಡಿಸ್ದೆ. ತಲೆ ಎಷ್ಟು ಒರೆಸಿದ್ರೂ ಒಣಗ್ಲಿಲ್ಲ...”

ಜಯಮ್ಮನ ಕಣ್ಣು ಚುರುಕು. ಇದನ್ನು ಏಕೆ ಬರೆಯುತ್ತಿದ್ದೇನೆಂದರೆ, ನಮ್ಮತ್ತೆಗೆ ದೃಷ್ಟಿ ಮಂಜಾಗಿತ್ತು ಎಂದು ಆಮೇಲೆ ಬಂಧುಗಳು ಹೇಳಿದ್ದುಂಟು. ಜಯಮ್ಮನಿಗೆ ಆ ಮಾತು ಹೊಂದುವುದಿಲ್ಲ.

ಬಾಗಿಲು ಬಡಿದೆ. ಅತ್ತೆ ತೆರೆದರು. ಮಗಳನ್ನು ತಲೆಯಿಂದ ಕಾಲಿನವರೆಗೆ ನೋಡಿ, ಎರಡೂ ಕೈಗಳನ್ನು ಬಾಗಿಲಿಗೆ ಅಡ್ಡ ಹಿಡಿದರು.

“ಅಮ್ಮಾ...”

“ಅಲ್ಲೇ ನಿಂತ್ಕೊ. ಒಳಗೆ ಬರ್ಬೇಡ.”

“ಅಮ್ಮಾ, ನಾನಮ್ಮ. ಸುಳ್ಳು ಹೇಳಿ ಹೋಗಿದ್ದೆ, ತಪ್ಪಾಯ್ತು. ನನ್ ಮುಖ ನೋಡು.”

“ನೋಡ್ದೆ. ಅದೇ ಮುಖ. ಅದಕ್ಕೇ ಹೇಳ್ತಿರೋದು, ಹೋಗು.” ಅತ್ತೆ ದನಿ ತಗ್ಗಿಸಿದರು, ಒಳಗಿನವರಿಗೆ ಎಚ್ಚರವಾದೀತು ಎಂಬಂತೆ. “ನನ್ ಮಗಳು ಈಗ ತಾನೆ ಕಣ್ಣು ಮುಚ್ಚವ್ಳೆ. ಅಳಿಯಂದ್ರೆ, ಇವಳನ್ನ ಎಲ್ಲಿಂದ ಕರ್ಕಂಡು ಬಂದ್ರೋ ಅಲ್ಲಿಗೇ ಬಿಟ್ಬುಡಿ.”

ಫೋನಿನಲ್ಲಿ ಬಂದದ್ದೂ ಇದೇ ಮಾತು. ರತ್ನ ಬೀದಿಯಲ್ಲೇ ಕುಸಿದು ಕೂತಳು. ನಾನು ಅತ್ತೆಯ ಕೈ ಸರಿಸಿ ಹೊಸ್ತಿಲು ದಾಟಿದೆ.

ಒಳಗೆ ಆ ವಾಸನೆ ಇತ್ತು. ಕೊಳೆತ ಮೀನು, ಒದ್ದೆ ಹಗ್ಗ, ತುಕ್ಕು. ಅದರ ಮೇಲೆ ಮಲ್ಲಿಗೆ. ನಡುಮನೆಯಲ್ಲಿ ಎರಡು ಚಾಪೆಗಳನ್ನು ಒಂದಕ್ಕೊಂದು ತಾಗಿಸಿ ಹಾಸಿತ್ತು. ಎರಡನೆಯದರ ಮೇಲೆ ತಲೆಯವರೆಗೂ ಕಂಬಳಿ ಹೊದ್ದ ಆಕಾರ. ಕಂಬಳಿ ಏರಿ ಇಳಿಯುತ್ತಿತ್ತು... ಉಸಿರಾಡುವವರ ಮೈಯಂತೆ. ಇದನ್ನು ನಾನು ಕಂಡೆ. ಜೀರೋ ಬಲ್ಬು ಉರಿಯುತ್ತಿತ್ತು, ನನ್ನ ಕಣ್ಣಿಗೆ ಯಾವ ದೋಷವೂ ಇರಲಿಲ್ಲ.

ಕಂಬಳಿಯ ಅಂಚು ಹಿಡಿದೆ. ಒಳಗಿನಿಂದ ಅದನ್ನು ಹಿಡಿದು ಎಳೆದರು. ನನ್ನ ಕೈಗೆ ಆ ಬಲ ತಿಳಿಯಿತು. ಹೆಣ್ಣಿನ ಬಲವೂ ಅಲ್ಲ, ಗಂಡಿನ ಬಲವೂ ಅಲ್ಲ. ತೀರದಲ್ಲಿ ನಿಂತಾಗ ಕಾಲಡಿಯ ಮರಳನ್ನು ಅಲೆ ಹೇಗೆ ಎಳೆದುಕೊಳ್ಳುತ್ತದೋ ಹಾಗೆ. ಎರಡೂ ಕೈ ಹಾಕಿ ಜಗ್ಗಿದೆ.

ಕೆಳಗೆ ಯಾರೂ ಇರಲಿಲ್ಲ.

ಕೆಂಪು ಸೀರೆ ಇತ್ತು. ಮಗ್ಗುಲಾಗಿ ಮಲಗಿದ ಹೆಣ್ಣಿನ ಆಕಾರದಲ್ಲಿ ಸುತ್ತಿಕೊಂಡು ತೊಯ್ದು ತೊಪ್ಪೆಯಾಗಿತ್ತು. ತಲೆ ಇರಬೇಕಾದಲ್ಲಿ ಜಯಮ್ಮ ಮುಡಿಸಿದ್ದ ಹೂವು. ಚಾಪೆಯ ತುಂಬ ಮರಳು. ಹಿತ್ತಿಲ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿತ್ತು. ಮುಂಬಾಗಿಲಲ್ಲಿ ಅತ್ತೆ ನಿಂತಿದ್ದರು, ಬೀದಿಯಲ್ಲಿ ರತ್ನ, ಜಯಮ್ಮ. ಒಳಗಿನಿಂದ ಹೊರಗೆ ಹೋದವರನ್ನು ಯಾರೂ ಕಾಣಲಿಲ್ಲ.

ಅತ್ತೆ ಬಂದು ಖಾಲಿ ಸೀರೆಯ ಪಕ್ಕ ಕೂತು ಅದರ ಮೇಲೆ ಕೈಯಾಡಿಸಿದರು. ಆಮೇಲೆ ಬಾಗಿಲಿನತ್ತ ನೋಡಿ, ಒಳಗೆ ಬರಲು ಹೆದರಿ ನಿಂತಿದ್ದ ರತ್ನಳಿಗೆ ಹೇಳಿದರು:

“ರಾತ್ರಿಯೆಲ್ಲ ನನ್ ಕೈ ಹಿಡ್ಕಂಡು ಮಲಗಿದ್ಲು. ನೀನು ಬಿಡಿಸ್ಕೊಂಡು ಹೋದ್ಯಲ್ಲ, ಅದೇ ಕೈ. ಅವಳನ್ನ ಓಡಿಸ್ಬುಟ್ರಿ.”

ಸೀರೆಯನ್ನು ಬೇರೆಯವರ ಕೈಯಲ್ಲಿ ಸುಡಿಸಿದೆ. ಅಂದಿನಿಂದ ರತ್ನ ತಾಯಿಯನ್ನು ಚೆನ್ನಾಗಿಯೇ ನೋಡಿಕೊಂಡಳು. ಅತ್ತೆ ಬೈಯಲಿಲ್ಲ, ಹೊರಗೆ ಹಾಕಲಿಲ್ಲ. ಬಂದಾಗ ‘ಬಾಮ್ಮ’ ಎನ್ನುತ್ತಿದ್ದರು, ಎದುರುಮನೆಯವರಿಗೆ ಹೇಳುವ ಹಾಗೆ. ಹೆಸರು ಹಿಡಿದು ಕರೆಯುವುದನ್ನು ನಿಲ್ಲಿಸಿದ್ದರು. ಪ್ರತಿ ಆಷಾಢದಲ್ಲೂ ನಡುಮನೆಯಲ್ಲಿ ಎರಡು ಚಾಪೆ ಹಾಸಿ, ಮುಂಬಾಗಿಲಿಗೆ ಅಗುಳಿ ಹಾಕದೆ ಮಲಗುತ್ತಿದ್ದರಂತೆ. ಇದು ಜಯಮ್ಮ ಹೇಳಿದ್ದು.

ಕೆಲವು ವರ್ಷಗಳ ನಂತರ, ಒಂದು ಆಷಾಢದಲ್ಲೇ ಅತ್ತೆ ಹಾಸಿಗೆ ಹಿಡಿದರು. ಕೊನೆಯ ಸಂಜೆ ರತ್ನ ತಾಯಿಯ ತಲೆದೆಸೆಯಲ್ಲಿ ಕೂತು ಚಮಚದಲ್ಲಿ ನೀರು ಹಾಕುತ್ತಿದ್ದಳು. ನಾನು ಕಾಲ ಬಳಿ, ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದೆ. ಹೊರಗೆ ಮಳೆ ಇರಲಿಲ್ಲ. ಅತ್ತೆ ತಟ್ಟನೆ ಕಣ್ಣು ತೆರೆದು ನನ್ನ ಭುಜದಾಚೆ ನೋಡಿದರು. ಅಷ್ಟು ವರ್ಷಗಳಲ್ಲಿ ಅವರ ಮುಖದಲ್ಲಿ ಅಂಥ ನಗು ನಾನು ಕಂಡಿರಲಿಲ್ಲ.

“ಸ್ವಲ್ಪ ಸರ್ಕೊಳಮ್ಮ,” ಎಂದರು ರತ್ನಳಿಗೆ. “ಅವ್ಳು ಬರ್ಲಿ.”

ನನ್ನ ಹಿಂದೆ, ಗಾರೆ ನೆಲದ ಮೇಲೆ, ಪಚಕ್ ಎಂದಿತು.

ರತ್ನ ಬಾಗಿಲಿನ ಕಡೆ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಚಮಚ ಕೆಳಗಿಟ್ಟು, ತಾಯಿಯ ಕೈ ಬಿಟ್ಟು, ಸರಿದು ಕೂತಳು.

ಏನು ಕಂಡೆ ಎಂದು ಅವಳನ್ನು ನಾನು ಇವತ್ತಿನವರೆಗೂ ಕೇಳಿಲ್ಲ. ನಾನು ಹಿಂದಿರುಗಿ ನೋಡಲಿಲ್ಲ. ನಾನು ನೋಡಿದ್ದು ಅತ್ತೆಯ ಕೈಯನ್ನು ಮಾತ್ರ. ಹಾಸಿಗೆಯ ಮೇಲಿದ್ದ ಆ ಕೈಯ ಬೆರಳುಗಳು ಒಂದೊಂದಾಗಿ ಮಡಿಚಿಕೊಂಡವು, ಯಾರದೋ ಕೈಯನ್ನು ಹಿಡಿದುಕೊಳ್ಳುವ ಹಾಗೆ... ಮತ್ತು ಒದ್ದೆಯಾದವು.