ಹಿಂದೂಪುರದ ದಾರಿಯಲ್ಲಿ ಮೈಸೂರು ನಂಬರು

ನಾನೂ ಭಾವನೂ ಯಲಹಂಕ ಬಿಟ್ಟಾಗ ಬಿಸಿಲು ಇನ್ನೂ ಏರಿರಲಿಲ್ಲ. ಹಿಂದೂಪುರದಲ್ಲಿ ನೆಂಟರ ಮದುವೆ. ಐವತ್ತು ಮೈಲಿ ದಾರಿ. ಅಕ್ಕ ಚಿತ್ರಾನ್ನ ಕಟ್ಟಿಕೊಟ್ಟಿದ್ದಳು. ಭಾವ ತಮ್ಮ ಹಳೆಯ ಕಾರಿನ ನಂಬರ್ ಪ್ಲೇಟನ್ನು ಯಶವಂತಪುರದ ಪೇಂಟರನಿಂದ ಹೊಸದಾಗಿ ಬರೆಸಿದ್ದರು. ಕಪ್ಪು ಹಲಗೆಯ ಮೇಲೆ ಬಿಳಿಯಲ್ಲಿ ಮೈಸೂರು ರಾಜ್ಯದ ನಂಬರು, ಅದರ ಕೆಳಗೆ ಕೆಂಪಕ್ಷರದಲ್ಲಿ ಮಗಳ ಹೆಸರು, ಸರೋಜ.

ದೊಡ್ಡಬಳ್ಳಾಪುರದಲ್ಲಿ ಕಾಫಿ ಕುಡಿದೆವು. ಗೌರಿಬಿದನೂರಿನವರೆಗೆ ಪ್ರಯಾಣ ಸುಖವಾಗಿತ್ತು. ಆಂಧ್ರದ ಗಡಿ ದಾಟಿದ ಮೇಲೆ ರಸ್ತೆ ಕಿರಿದಾಯಿತು. ಎದುರು ಬಂದ ಲಾರಿಗಳು ನಡುರಸ್ತೆ ಬಿಡಲಿಲ್ಲ. ಪ್ರತಿ ಸಲವೂ ನಾವೇ ಮಣ್ಣಿಗೆ ಇಳಿದೆವು.

"ನಮ್ ಕಡೆ ಥರ ಅಲ್ಲ ಕಣೋ, ಹಾರನ್ ಹೊಡೆದ್ರೂ ಜಾಗ ಬಿಡಲ್ಲ" ಎಂದು ಭಾವ ವೇಗ ತಗ್ಗಿಸಿದರು.

ಮುಂದಿನ ಹಳ್ಳಿಯಲ್ಲಿ ದಾರಿಗೆ ಅಡ್ಡಲಾಗಿ ಎತ್ತಿನ ಗಾಡಿ ನಿಂತಿತ್ತು. ನಾವು ನಿಲ್ಲಿಸಿದ ಕೂಡಲೇ ದೊಣ್ಣೆ ಹಿಡಿದ ಜನ ಸುತ್ತುವರಿದರು. ಹಿಂದಿನ ದಿನ ಮೈಸೂರು ನಂಬರಿನ ಕಾರೊಂದು ಅವರ ಊರಿನವನ ಕಾಲ ಮೇಲೆ ಹರಿದು, ನಿಲ್ಲದೆ ಹೋಗಿತ್ತಂತೆ.

"ನಿನ್ನೆ ಈ ಕಾರು ಮನೆ ಬಿಟ್ಟೇ ಇಲ್ಲ ಕಣ್ರೀ" ಎಂದರು ಭಾವ. ಯಾರೂ ಕಿವಿಗೊಡಲಿಲ್ಲ. ಒಬ್ಬ ಕಿಟಕಿಯೊಳಗೆ ಕೈ ಹಾಕಿ ಅವರ ಕೊರಳಪಟ್ಟಿ ಹಿಡಿದ.

ಅಷ್ಟರಲ್ಲಿ ಯಾರೋ ಗಾಯಾಳುವಿನ ಹೆಂಡತಿ ನರಸಮ್ಮನನ್ನು ಕರೆತಂದರು. ಆ ಕಾರನ್ನು ಕಂಡವಳು ಅವಳೊಬ್ಬಳೇ. ಓದು ಬಾರದವಳು. ಪ್ಲೇಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ದಿಟ್ಟಿಸಿದಳು.

"ಅದ್ರಾಗೆ ಕೆಂಪು ಇರ್ಲಿಲ್ಲ. ಬರೀ ಬಿಳೀದು. ಇದಲ್ಲ, ಬಿಡ್ರಿ" ಎಂದಳು.

ಕೊರಳ ಹಿಡಿತ ಸಡಿಲವಾಯಿತು. ಗಾಡಿ ಪಕ್ಕಕ್ಕೆ ಸರಿಯಿತು. ಹೊರಟುಬಿಡೋಣವೆಂದು ನಾನು ಸನ್ನೆ ಮಾಡಿದೆ. ಭಾವ ಕೆಳಗಿಳಿದು, "ನಿಮ್ಮ ಯಜಮಾನ್ರು ಹೆಂಗಿದಾರಮ್ಮ?" ಎಂದು ಕೇಳಿದರು.

ಹಿಂದೂಪುರದ ಡಾಕ್ಟರು ಪಟ್ಟಿ ಕಟ್ಟಿ, ಬೆಂಗಳೂರಿಗೆ ಒಯ್ಯದಿದ್ದರೆ ಕಾಲು ಉಳಿಯುವುದಿಲ್ಲ ಎಂದಿದ್ದರಂತೆ. ಮಲಗಿದವನನ್ನು ಬಸ್ಸಿನವರು ಹತ್ತಿಸಿಕೊಂಡಿರಲಿಲ್ಲ.

"ಮದುವೆಗೆ ಬೇರೆಯವರು ಹೋಗಿರ್ತಾರೆ. ಬೆಂಗಳೂರಿಗೆ ವಾಪಸ್ ಹೋಗೋಣ, ಹಿಂದಿನ ಸೀಟು ಖಾಲಿ ಮಾಡೋ" ಎಂದರು ಭಾವ ನನಗೆ. ಕೊರಳಪಟ್ಟಿ ಹಿಡಿದಿದ್ದವನೇ ಗಾಯಾಳುವನ್ನು ಎತ್ತಿ ತಂದು ಮಲಗಿಸಿದ. ನರಸಮ್ಮ ಗಂಡನ ಪಕ್ಕ ಕೂತ ಮೇಲೆ, ಭಾವನ ಮುಖ ನೋಡದೆ ಹಿಂದೆ ಸರಿದ.

ಕಾರು ಹಳ್ಳಕ್ಕೆ ಇಳಿದಾಗಲೆಲ್ಲ ಹಿಂದಿನಿಂದ ನರಳಾಟ ಕೇಳುತ್ತಿತ್ತು. ದೊಡ್ಡಬಳ್ಳಾಪುರ ದಾಟಿದ ಮೇಲೆ ಅದೂ ನಿಂತಿತು. ಭಾವ ಒಮ್ಮೆಯೂ ತಿರುಗಿ ನೋಡಲಿಲ್ಲ. "ಉಸಿರಾಡ್ತಿದಾರಾ?" ಎಂದು ಮೆಲ್ಲಗೆ ಕೇಳಿದರು. ನರಸಮ್ಮ ಗಂಡನ ಎದೆಯ ಮೇಲೆ ಕೈ ಇಟ್ಟು, "ಊಂ" ಎಂದಳು. ಹೆಬ್ಬಾಳದ ಕೆರೆ ಏರಿಯವರೆಗೂ ಆ ಕೈ ತೆಗೆಯಲಿಲ್ಲ.

ಆಸ್ಪತ್ರೆಯಲ್ಲಿ ಬಹಳ ಹೊತ್ತು ಕಾದೆವು. ಕೊನೆಗೆ ಡಾಕ್ಟರು ಹೊರಬಂದು, ಕಾಲು ಉಳಿಯುತ್ತದೆ ಎಂದರು.

ಯಲಹಂಕಕ್ಕೆ ಮರಳಿದಾಗ ಬೀದಿಯಲ್ಲಿ ದೀಪ ಹತ್ತುತ್ತಿತ್ತು. ಕಾರಿನ ಸದ್ದಿಗೆ ಅಕ್ಕ ಬಾಗಿಲಿಗೆ ಬಂದು, "ಇಷ್ಟ್ ಬೇಗ ಬಂದ್ಬಿಟ್ರಾ?" ಎಂದಳು. ನಾನು ಇಳಿದೆ. ಭಾವ ಎಂಜಿನ್ ಆರಿಸಿದ್ದರು. ಕೈ ಮಾತ್ರ ಸ್ಟೇರಿಂಗ್ ಬಿಟ್ಟಿರಲಿಲ್ಲ.

"ನೀನು ಒಳಗೆ ನಡಿ" ಎಂದರು. "ನಾನೊಂದ್ ಗಳಿಗೆ ಬಿಟ್ಟು ಬರ್ತೀನಿ."